ಅಪ್‌ಡೇಟ್: ‘ಹೊಸಂಗಡಿ’ ಕೊನೆಗೂ ಸಿಕ್ಕಿತು

ಕೇರಳದ ಮಂಜೇಶ್ವರ ತಾಲೂಕಿನ ಬಸ್ ವೇಳಾಪಟ್ಟಿಗಾಗಿ ನಾವು ನಾಲ್ವರು ವಿದ್ಯಾರ್ಥಿಗಳು ಮಾಡುತ್ತಿದ್ದ ಜಾಲತಾಣದಲ್ಲಿ ‘ಕುಂಬಳೆ’, ‘ಉಪ್ಪಳ’ ಎಂದು ಹುಡುಕಿದರೆ ಸಿಗುತ್ತದೆ, ಪಟ್ಟಿಯಲ್ಲಿ ಕಣ್ಣೆದುರೇ ಇರುವ ‘ಹೊಸಂಗಡಿ’ ಮಾತ್ರ ಸಿಗುವುದಿಲ್ಲ, ಏಕೆ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಎರಡು ವಾರ ನಾನು ಡೇಟಾಬೇಸನ್ನೇ ದೂರುತ್ತಿದ್ದೆ. ಪದದ ಯೂನಿಕೋಡ್ ಸಂಕೇತಗಳನ್ನು (ಕಂಪ್ಯೂಟರ್ ಪ್ರತಿ ಅಕ್ಷರ, ಚಿಹ್ನೆಗೆ ಬಳಸುವ ಸಂಖ್ಯೆಗಳನ್ನು) ಒಂದೊಂದಾಗಿ ಬಿಡಿಸಿ ನೋಡಿ ಎಂದು ನಿಮ್ಮಲ್ಲೊಬ್ಬರು ಹೇಳಿದ ಮೇಲೆಯೇ ಕಾರಣ ತಿಳಿಯಿತು. ‘ಹೊ’ ಅಕ್ಷರದ ಒಕಾರದ ಚಿಹ್ನೆಗೆ ತನ್ನದೇ ಒಂದು ಸಂಕೇತವಿದೆ. ಅದನ್ನೇ ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ನಮ್ಮ ಹಳೆಯ ಪಟ್ಟಿ ಎರಡನೆಯ ಬಗೆಯದಾಗಿತ್ತು, ಹುಡುಕುವಾಗ ಟೈಪ್ ಮಾಡುತ್ತಿದ್ದದ್ದು ಮೊದಲನೆಯ ಬಗೆ. ಈಗ ಉಳಿಸುವಾಗಲೂ ಹುಡುಕುವಾಗಲೂ ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಫಂಕ್ಷನ್ ಮೂಲಕ ಪದಗಳನ್ನು ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದೇ ಸಂಕೇತವಾಗಿಸುವ ಯೂನಿಕೋಡ್ ರೂಪ) ತರುತ್ತಿರುವುದರಿಂದ ‘ಮೊಗ್ರಾಲ್’ ಕೂಡ ಸಿಗುತ್ತಿದೆ.

ಹೇಳಿಕೊಳ್ಳಲು ಇದಕ್ಕಿಂತ ನಾಚಿಕೆಯಾಗುವ ತಪ್ಪು ಇನ್ನೊಂದಿದೆ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ತಂತ್ರಾಂಶವನ್ನು ಕಲಿತಿದ್ದರೂ ನಾವು ಜಿಪ್ ಫೈಲುಗಳನ್ನು ವಾಟ್ಸಾಪ್‌ನಲ್ಲಿ ಕಳುಹಿಸಿಕೊಳ್ಳುತ್ತಿದ್ದೆವು. ಹಾಗಾಗಿ ಸರಿಪಡಿಸಿದ ಹುಡುಕಾಟದ ಫೈಲಿನ ಮೇಲೆ ಗೆಳೆಯನ ಹಳೆಯ ಪ್ರತಿ ಕುಳಿತು, ಒಂದು ರಾತ್ರಿಯ ಕೆಲಸ ಹೋಯಿತು. ಮಲಯಾಳ ಲಿಪಿಯಲ್ಲಿ ಟೈಪ್ ಮಾಡುವವರಿಗೆ ಇನ್ನೂ ಫಲಿತಾಂಶ ಬರುತ್ತಿಲ್ಲ. ಪರೀಕ್ಷೆ ಮುಗಿದ ಮೇಲೆ ಅದಕ್ಕೆ ಕೈ ಹಾಕುತ್ತೇವೆ.