ಹನ್ನೊಂದು ವಾರದ ಉಪ್ಪುನೀರಿನ ಟ್ಯಾಂಕು, ಕಲ್ಲಿನ ತುಂಬ ಹಸಿರು ಕೂದಲು

ವಿಜಯನಗರದ ಹೊಸಬ:

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷ ಗಪ್ಪಿ, ಏಂಜೆಲ್ ಸಾಕಿದ ಧೈರ್ಯದ ಮೇಲೆ ಸಮುದ್ರದ ಟ್ಯಾಂಕಿಗೆ ಕೈ ಹಾಕಿದೆ. ಈಗ ಒದ್ದಾಡ್ತಾ ಇದೀನಿ.

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಲ್ಲು ಮರಳು ಕಳೆದು ಸುಮಾರು 150 ಲೀಟರ್ ನೀರು. ಒಣ ಕಲ್ಲು 15 ಕೆಜಿ. ಎರಡು ಕ್ಲೌನ್ ಮೀನು, ಒಂದು ಸೀಗಡಿ, ಮಶ್ರೂಮ್ ಹವಳ ಒಂದು, ಜೋವಾಂಥಸ್ ಅನ್ನೋ ಮೆತ್ತನೆ ಹವಳ ಒಂದು ತುಂಡು. ಉಪ್ಪುನೀರಿನ ಸಾಂದ್ರತೆ 1.025, ಶಾಖ 26 ಡಿಗ್ರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ನೈಟ್ರೇಟ್ 20, ಫಾಸ್ಫೇಟ್ 0.25. ಲೈಟು ಬೆಳಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ.

ಮೂರನೇ ವಾರ ಮರಳಿನ ಮೇಲೆ ಕಾಫಿಪುಡಿ ಉದುರಿಸಿದ ಹಾಗೆ ಕಂದು ಧೂಳು ಬಂತು, ತಾನಾಗೇ ಹೋಯ್ತು. ಎಂಟನೇ ವಾರದಿಂದ ಕಲ್ಲಿನ ಮೇಲೆ ಹಸಿರು ಕೂದಲು ಶುರು, ಈಗ ಬೆರಳುದ್ದ ಇದೆ. ಹದಿನೈದು ದಿನದಿಂದ ಮರಳಿನ ಮೇಲೆ ಕಂದು ಬಣ್ಣವೂ ವಾಪಸ್. ಮಧ್ಯಾಹ್ನ ಜಾಸ್ತಿ, ಬೆಳಗ್ಗೆ ಎದ್ದು ನೋಡಿದರೆ ಕಮ್ಮಿ. ಅಮ್ಮ ಅಂತೂ "ಇಷ್ಟು ದುಡ್ಡು ಸುರಿದು ಮನೆಯೊಳಗೆ ಹಾಳು ಕಲ್ಯಾಣಿ ಕಟ್ಟಿದೀಯ" ಅಂತಾರೆ.

ಅಂಗಡಿಯವರು ಪಾಚಿ ಸಾಯಿಸೋ ಔಷಧ ಒಂದು ಬಾಟಲಿ ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ನೀರಿನ ಬಗ್ಗೆ ಕೇಳ್ತೀರಿ ಅಂತ ಮೊದಲೇ ಹೇಳಿಬಿಡ್ತೀನಿ: ಅಡುಗೆಮನೆಯ ಆರ್‌ಓ ಮಿಷನ್ ನೀರಿಗೇ ಉಪ್ಪು ಬೆರೆಸೋದು. ಹಾಗಾಗಿ ನೀರಿನದ್ದೇನೂ ತೊಂದರೆ ಇಲ್ಲ.

ಮಂಗಳೂರಿನ ಏಡಿ:

ಅಂಗಡಿಯ ಉಪ್ಪಿಗೆ ಯಾಕೆ ದುಡ್ಡು ಹಾಕ್ತೀರಿ ಮಾರಾಯ್ರೆ, ಸಮುದ್ರದ ನೀರೇ ತರಬಹುದಲ್ಲಾ ಅಂತ ಇಲ್ಲಿ ಯಾರಾದ್ರೂ ಹೇಳ್ತಾರೆ. ಕೇಳ್ಬೇಡಿ. ನಾನು ಆ ಕೆಲಸ ಮಾಡಿದವನು. ಮಳೆ ನಿಂತ ಮೇಲೆ ನಾಲ್ಕು ಕ್ಯಾನ್ ತಂದೆ. ನೇತ್ರಾವತಿ, ಗುರುಪುರ ಎರಡು ನದಿಯ ಕೆಸರು, ಗದ್ದೆಯ ಗೊಬ್ಬರ ಎಲ್ಲ ಬಂದು ಸೇರುವ ದಡದ ನೀರು ಅದು. ನನ್ನ ಟ್ಯಾಂಕ್ ನಾಲ್ಕೇ ದಿನದಲ್ಲಿ ಹಸಿರು ಸೂಪು.

ಮತ್ತೊಂದು. "ಜೀವ ಇರುವ ಕಲ್ಲು ಕೊಡ್ತೇನೆ, ಪಾಚಿ ಬರುದೇ ಇಲ್ಲ" ಅಂತ ಯಾರಾದ್ರೂ ಫೋನು ಮಾಡಿದ್ರೆ ಇಟ್ಟುಬಿಡಿ. ಅದು ಸಮುದ್ರದಿಂದ ಕಿತ್ತ ಹವಳದ ಕಲ್ಲೇ. ನೇತ್ರಾಣಿ ದ್ವೀಪದ್ದಾಗಲಿ ರಾಮೇಶ್ವರ ಕಡೆಯದ್ದಾಗಲಿ, ನಮ್ಮ ಸಮುದ್ರದ ಗಟ್ಟಿ ಹವಳ ಎಲ್ಲ 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಉಂಟು. ಹುಲಿ ಇರುವ ಪಟ್ಟಿ ಅದು.

ಮೈಸೂರಿನ ಅಜ್ಜಿ:

ತಮ್ಮಾ, ನಿನ್ನ ಪ್ರಶ್ನೆಯ ಕೊನೇ ಸಾಲಿನಲ್ಲೇ ಉತ್ತರ ಕೂತಿದೆ. ಹನ್ನೆರಡು ವರ್ಷದಿಂದ ಉಪ್ಪುನೀರು ಸಾಕ್ತಿದೀನಿ, ಮೊದಲ ಎರಡು ವರ್ಷ ನಾನೂ ಇದೇ ಮಾತು ಹೇಳ್ತಿದ್ದೆ.

ಆ ಮಿಷನ್ನಿನ ಪಕ್ಕದಲ್ಲಿ ಸಣ್ಣ ತಿರುಪು ಇರುತ್ತೆ, ನೋಡು. ನೀರು ಚಪ್ಪೆ ಅನ್ನಿಸಬಾರದು ಅಂತ ಶೋಧಿಸಿದ ನೀರಿಗೆ ಒಂದಿಷ್ಟು ಹಸಿ ನೀರನ್ನೇ ವಾಪಸ್ ಬೆರೆಸೋ ತಿರುಪು ಅದು. ನೀರಲ್ಲಿ ಕರಗಿದ ಲವಣ ಅಳೆಯೋ ಟಿಡಿಎಸ್ ಮೀಟರ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತೆ, ಅದ್ದಿ ನೋಡು. ಕುಡಿಯೋಕೆ 60 ಇದ್ದರೆ ಚೆನ್ನ, ಹವಳದ ಟ್ಯಾಂಕಿಗೆ ಸೊನ್ನೆ ಬೇಕು. ನಿಮ್ಮಲ್ಲಿ ಕಾವೇರಿ ಬರದ ದಿನ ಬೋರ್‌ವೆಲ್ ತಾನೆ? ಬೋರ್‌ವೆಲ್ ನೀರಿನ ಸಿಲಿಕೇಟೇ ಆ ಕಂದು ಧೂಳಿನ ಊಟ. ಡಯಾಟಮ್ ಅನ್ನೋ ಆ ಜೀವಿ ಸಿಲಿಕಾದಿಂದಲೇ ತನ್ನ ಚಿಪ್ಪು ಕಟ್ಟಿಕೊಳ್ಳೋದು. ಮೊದಲ ಸಲ ಇದ್ದದ್ದು ತಿಂದು ಖಾಲಿ ಮಾಡಿತು, ಹೋಯಿತು. ನೀನು ಪ್ರತಿ ವಾರ ನೀರು ಬದಲಾಯಿಸೋ ನೆಪದಲ್ಲಿ ಮತ್ತೆ ಬಡಿಸ್ತಾ ಇದೀಯ.

ಆದರೆ ಕಂದು ಕಂಡದ್ದೆಲ್ಲ ಡಯಾಟಮ್ ಅಲ್ಲ. ಡೈನೋಫ್ಲಾಜೆಲೇಟ್ ಅನ್ನೋ ಇನ್ನೊಂದು ಸೂಕ್ಷ್ಮಜೀವಿ ಆಗಿದ್ದರೆ ಮದ್ದು ಹೆಚ್ಚುಕಮ್ಮಿ ಉಲ್ಟಾ, ಅದು ನೈಟ್ರೇಟ್ ಫಾಸ್ಫೇಟ್ ಸೊನ್ನೆಗಿಳಿದ ಟ್ಯಾಂಕಲ್ಲೇ ಮೆರೆಯೋದು. ಹಾಗಾಗಿ ಮೊದಲು ಪರೀಕ್ಷೆ. ಆ ಕಂದನ್ನು ಸಿರಿಂಜಿನಲ್ಲಿ ಎಳೆದು, ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ, ಕಾಗದದ ಟಿಶ್ಯೂನಲ್ಲಿ ಸೋಸು. (ನಮ್ಮ ಸ್ಟೀಲ್ ಕಾಫಿ ಫಿಲ್ಟರಿನಲ್ಲಿ ಆಗಲ್ಲ, ಪ್ರಯತ್ನ ಮಾಡಿ ಮನೆಯವರ ಹತ್ತಿರ ಬೈಸಿಕೊಂಡಿದೀನಿ.) ಸೋಸಿದ ನೀರನ್ನು ಲೋಟದಲ್ಲಿ ಒಂದು ಗಂಟೆ ಬೆಳಕಿನಲ್ಲಿಡು. ಮೂಗಿನ ಸಿಂಬಳದ ಎಳೆಯ ಹಾಗೆ ಮತ್ತೆ ಒಟ್ಟುಗೂಡಿದರೆ ಡೈನೋ. ತೆಪ್ಪಗಿದ್ದರೆ ಡಯಾಟಮ್.

ಹಸಿರು ಕೂದಲಿಗೆ ಕೈಯೇ ಔಷಧ. ಕಲ್ಲನ್ನು ಬಕೆಟ್ಟಿಗೆ ತೆಗೆದು, ಟ್ಯಾಂಕಿನದೇ ನೀರು ಹಾಕಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜು. ಕೀಳೋದು ಟ್ಯಾಂಕಿನ ಹೊರಗೇ ಆಗಬೇಕು, ಒಳಗೆ ಉಜ್ಜಿದರೆ ಚೂರೆಲ್ಲ ಹಾರಿ ಬೇರೆ ಕಡೆ ಹುಟ್ಟುತ್ತೆ. ಆಮೇಲೆ ಬಸವನಹುಳು ಐದಾರು ಬಿಡು. ಉದ್ದ ಕೂದಲನ್ನು ಅವು ಮೂಸಲ್ಲ, ಮೋಟು ಚಿಗುರು ಬಂದರೆ ಮೇಯ್ತವೆ. ಆಸ್ಟ್ರೇಯಾ (Astraea) ಜಾತಿಯ ಹುಳು ಮರಳಲ್ಲಿ ಅಂಗಾತ ಬಿದ್ದರೆ ತಾನೇ ಏಳಲ್ಲ, ರಾತ್ರಿ ಒಮ್ಮೆ ನೋಡಿ ತಿರುಗಿಸಿಡು. ಲೈಟು ಏಳೆಂಟು ಗಂಟೆ ಸಾಕು, ಬಿಳಿ ಬಣ್ಣ ತಗ್ಗಿಸು.

ಪಾಚಿಗೆ ಗೊಬ್ಬರವಾಗೋ ಫಾಸ್ಫೇಟನ್ನು 0.05ರಿಂದ 0.1ರ ಒಳಗೆ ತಾ, ನಿಧಾನವಾಗಿ. ಒಣ ಕಲ್ಲೂ ತನ್ನೊಳಗಿನದನ್ನು ತಿಂಗಳುಗಟ್ಟಲೆ ಬಿಡ್ತಾ ಇರುತ್ತೆ, ಅವಸರ ಪಟ್ಟರೆ ಡೈನೋಗೆ ಬಾಗಿಲು ತೆಗೆದ ಹಾಗೆ. ಅಂಗಡಿಯವರು ಕೊಟ್ಟ ಔಷಧದ ಬಾಟಲಿಯ ಹಿಂದೆ ತಾಮ್ರ ಅಂತಿದ್ದರೆ ಟ್ಯಾಂಕಿನ ಹತ್ತಿರಕ್ಕೂ ತರಬೇಡ, ಸೀಗಡಿ ಮೊದಲು ಹೋಗುತ್ತೆ.

ಒಂದು ಪ್ರಶ್ನೆ: ಎರಡೇ ಮೀನಿಗೆ ನೈಟ್ರೇಟ್ 20, ಫಾಸ್ಫೇಟ್ 0.25 ಹೇಗೆ? ಮನೆಯಲ್ಲಿ ಊಟ ಹಾಕೋರು ಯಾರು?

ವಿಜಯನಗರದ ಹೊಸಬ:

ಮೇಡಂ, ಐದು ವಾರ ಆಯ್ತು, ತಡವಾಗಿದ್ದಕ್ಕೆ ಕ್ಷಮಿಸಿ.

ಟಿಡಿಎಸ್ ಅವತ್ತೇ ನೋಡಿದೆ. 74! ಮಿಷನ್ ರಿಪೇರಿಯವರನ್ನು ಕರೆಸಿ, ನೀರು ಬೆರೆಯೋಕೆ ಮುಂಚೆಯೇ ಒಂದು ಪೈಪ್ ಕವಲು ತೆಗೆಸಿ, ಅದಕ್ಕೆ ಉಳಿದ ಲವಣವನ್ನೂ ಹೀರೋ ಡಿಐ ರೆಸಿನ್ ಹಾಕಿಸಿದೆ. ಈಗ ಸೊನ್ನೆ. ಲೋಟದಲ್ಲಿ ಎಳೆ ಕಟ್ಟಲಿಲ್ಲ, ಡಯಾಟಮ್ಮೇ. ಮೂರು ಸಲ ನೀರು ಬದಲಾಯಿಸೋ ಹೊತ್ತಿಗೆ ಮರಳು ಬೆಳ್ಳಗಾಯ್ತು.

ಊಟದ ವಿಷಯ. ನಾನು ರಾತ್ರಿ ಹಾಕ್ತಿದ್ದೆ. ಮಗಳು ಸ್ಕೂಲಿಂದ ಬಂದು ಹಾಕ್ತಿದ್ದಳು, ಅದು ಗೊತ್ತಿತ್ತು. ಗೊತ್ತಿಲ್ಲದ್ದು ಅಂದ್ರೆ, ಬೆಳಗ್ಗೆ ಡಿಕಾಕ್ಷನ್ ಇಳಿಯೋ ಹೊತ್ತಲ್ಲಿ ಅಮ್ಮನೂ ಒಂದು ಚಿಟಿಕೆ. "ಗಾಜಿನ ಹತ್ತಿರ ಬಂದು ಬಾಯಿ ಬಿಡ್ತವೆ, ನೋಡಿಕೊಂಡು ಹೇಗೋ ಸುಮ್ಮನಿರೋದು?" ಈಗ ಬೆಳಗಿನ ಪಾಳಿ ಅಮ್ಮನಿಗೇ ಬಿಟ್ಟು, ನಾವಿಬ್ಬರೂ ನಿಲ್ಲಿಸಿದೀವಿ. ನೈಟ್ರೇಟ್ 8, ಫಾಸ್ಫೇಟ್ 0.09. ಹಿಂದಿನ ಕಲ್ಲಲ್ಲಿ ಕೂದಲು ಇನ್ನೂ ಇದೆ, ಪ್ರತಿ ಭಾನುವಾರ ಕೀಳ್ತೀನಿ.

ಹೊಸ ತಲೆನೋವು: ಜೋವಾಂಥಸ್ ಪಕ್ಕದ ಕಲ್ಲಿನ ಮೇಲೆ ಕಡಲೆಕಾಳಿನಷ್ಟು ನೇರಳೆ ಚುಕ್ಕೆಗಳು. ಗಟ್ಟಿಯಾಗಿವೆ, ಉಗುರಲ್ಲಿ ಕೆರೆದರೂ ಬರಲ್ಲ. ಬ್ರಶ್ಶಿನಲ್ಲಿ ಜೋರಾಗಿ ಉಜ್ಜಲಾ?

ಮೈಸೂರಿನ ಅಜ್ಜಿ:

ಅಯ್ಯೋ, ಬ್ರಶ್ ಕೆಳಗಿಡು! ಅದು ಕೊರಲೈನ್. ಪಾಚಿಯೇ, ಆದರೆ ಯಾವಾಗ ಬರುತ್ತೋ ಅಂತ ನಾವೆಲ್ಲ ಕಾಯೋ ಪಾಚಿ. ಇನ್ನು ವಾರಕ್ಕೊಮ್ಮೆ ಕ್ಯಾಲ್ಸಿಯಂ, ಆಲ್ಕಲಿನಿಟಿ ಕೂಡ ಅಳೆಯೋಕೆ ಶುರುಮಾಡು, ಸುಣ್ಣದ ಅಂಶ ತಿನ್ನುತ್ತೆ ಅದು. ಅಮ್ಮನಿಗೆ ನನ್ನ ನಮಸ್ಕಾರ ಹೇಳು.