ಸರ್‌ಪ್ರೈಸ್, ಅಸ್ಟಾನಿಶ್, ಅಮೇಜ್: ಎಲ್ಲದಕ್ಕೂ ‘ಆಶ್ಚರ್ಯ’ವೇ?

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಕತೆಗಳ ಕರಡು ತಿದ್ದುವಾಗ ಒಂದು ಸಂಗತಿ ನನ್ನನ್ನು ಮತ್ತೆ ಮತ್ತೆ ಕಾಡುತ್ತದೆ. ಮೂಲದಲ್ಲಿ ಸರ್‌ಪ್ರೈಸ್ ಇರಲಿ, ಅಸ್ಟಾನಿಶ್ ಇರಲಿ, ಅಮೇಜ್ ಇರಲಿ, ಕನ್ನಡದಲ್ಲಿ ಮಾತ್ರ ‘ಆಶ್ಚರ್ಯವಾಯಿತು’. ಹೆಚ್ಚೆಂದರೆ ‘ಬಹಳ ಆಶ್ಚರ್ಯವಾಯಿತು’. ಈ ಪದಗಳ ನಡುವೆ ಇರುವುದು ಪ್ರಮಾಣದ ವ್ಯತ್ಯಾಸವಷ್ಟೇ ಎಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಂತಿದೆ. ನನಗೆ ಹಾಗೆ ತೋರುವುದಿಲ್ಲ.

ಸರ್‌ಪ್ರೈಸ್‌ನ ಮೂಲ ಹಳೆಯ ಫ್ರೆಂಚ್; ಅಲ್ಲಿ ಅದರ ಅರ್ಥ ಮೇಲೆ ಎರಗಿ ಹಿಡಿಯುವುದು. ಇಂಗ್ಲಿಷಿನಲ್ಲಿಯೂ ಅದು ಮೊದಲು ಯುದ್ಧದ ಮಾತು: ಎಚ್ಚರವಿಲ್ಲದ ಶತ್ರುವಿನ ಮೇಲೆ ಬೀಳುವುದು. ಅಸ್ಟಾನಿಶ್‌ನ ಹುಟ್ಟು ಬೇರೆ. ಅದರ ಬೇರು ಲ್ಯಾಟಿನ್ನಿನ ‘ಗುಡುಗು’ ಎಂಬ ಕ್ರಿಯಾಪದದಲ್ಲಿದೆ. ಅಸ್ಟೌಂಡ್, ಸ್ಟನ್ ಎಂಬವೂ ಅದೇ ಬೇರಿನ ಚಿಗುರುಗಳು. ಅಂದರೆ ಒಂದು ನಿರೀಕ್ಷೆಗೆ ಬಿದ್ದ ಪೆಟ್ಟು, ಇನ್ನೊಂದು ನಂಬಿಕೆಗೆ ಬಿದ್ದ ಪೆಟ್ಟು. ನಾಳೆ ಬರಬೇಕಾದ ನೆಂಟರು ಇಂದೇ ಬಂದರೆ ಅದು ಸರ್‌ಪ್ರೈಸ್. ಸತ್ತುಹೋದರೆಂದು ಊರೇ ನಂಬಿದ್ದವರು ಬಾಗಿಲು ತಟ್ಟಿದರೆ ಅದು ಅಸ್ಟಾನಿಶ್‌ಮೆಂಟ್.

1828ರಲ್ಲಿ ಅಮೆರಿಕದ ದೊಡ್ಡ ನಿಘಂಟನ್ನು ಪ್ರಕಟಿಸಿದ ನೋವಾ ವೆಬ್‌ಸ್ಟರ್ ಬಗ್ಗೆ ಒಂದು ದಂತಕತೆ ಹೇಳುತ್ತಾರೆ. ಇದನ್ನೇ ಇಂಗ್ಲೆಂಡಿನ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನರ ಹೆಸರಿಗೆ ಹಚ್ಚುವವರೂ ಉಂಟು. ಯಾರ ಜೀವನದಲ್ಲಿಯೂ ನಡೆದದ್ದಕ್ಕೆ ಆಧಾರವಿಲ್ಲ. ಮನೆಗೆಲಸದವಳನ್ನು ಮುದ್ದಿಸುತ್ತಿದ್ದ ಗಂಡನನ್ನು ಕಂಡು ಹೆಂಡತಿ ‘ಐ ಆಮ್ ಸರ್‌ಪ್ರೈಸ್ಡ್’ ಎನ್ನುತ್ತಾಳೆ. ನಿಘಂಟುಕಾರ ತಿದ್ದುತ್ತಾನೆ: ಸರ್‌ಪ್ರೈಸ್ ಆದವನು ನಾನು, ನೀನು ಆದದ್ದು ಅಸ್ಟಾನಿಶ್. ಕಟ್ಟುಕತೆಯೇ ಆದರೂ ಎರಡು ಪದಗಳ ಗಡಿಯನ್ನು ಇದಕ್ಕಿಂತ ಚೊಕ್ಕವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. ಅವನು ಸಿಕ್ಕಿಬಿದ್ದ, ಅವಳು ದಂಗಾದಳು. ಎರಡೂ ಕಡೆ ‘ಆಶ್ಚರ್ಯ’ ಹಾಕಿದರೆ ಕತೆ ಅಲ್ಲಿಗೇ ಸತ್ತಿತು.

ಅಮೇಜ್ ಬಹಳ ಸವೆದ ಪದ. ದಾರಿ ತಪ್ಪಿಸುವ ಸುತ್ತುಬಳಸಿನ ಹಾದಿಗೆ ಇಂಗ್ಲಿಷಿನಲ್ಲಿ ಮೇಜ್ ಎನ್ನುತ್ತಾರಲ್ಲ, ಅದರ ಒಡಹುಟ್ಟು ಇದು. ಮನಸ್ಸು ದಿಕ್ಕುಗೆಟ್ಟು ನಿಲ್ಲುವ ಸ್ಥಿತಿ. 1611ರ ಇಂಗ್ಲಿಷ್ ಬೈಬಲಿನಲ್ಲಿ ಪವಾಡವನ್ನು ಕಂಡ ಜನ ಅಮೇಜ್ ಆಗುತ್ತಾರೆ, ದೇವರನ್ನು ಕೊಂಡಾಡುತ್ತಾರೆ, ಜೊತೆಗೇ ಭಯಪಡುತ್ತಾರೆ. ಇಂದು ಒಳ್ಳೆಯ ಕಾಫಿಯೂ ಅಮೇಜಿಂಗ್. ಹಳೆಯ ಪಠ್ಯವಾದರೆ ‘ಬೆಕ್ಕಸ ಬೆರಗಾದರು’ ಎನ್ನಬೇಕು, ಇಂದಿನ ಮಾತಾದರೆ ‘ಅದ್ಭುತ’ ಸಾಕು.

ಸ್ಟಾರ್ಟಲ್ ಬಗ್ಗೆ ತಕರಾರಿಲ್ಲ. ಅದು ಮೈಗೆ ಸಂಬಂಧಿಸಿದ್ದು, ಕ್ಷಣಮಾತ್ರದ್ದು. ‘ಬೆಚ್ಚಿಬೀಳು’ ಅದಕ್ಕೆ ಹೇಳಿ ಮಾಡಿಸಿದ ಪದ. ಬಿವಿಲ್ಡರ್ ಎಂದರೆ ಕಾಡಿನಲ್ಲಿ ದಾರಿ ತಪ್ಪಿಸುವುದು. ದಿಕ್ಕುಗಳೇ ಕಲಸಿಹೋಗುವ ನಮ್ಮ ‘ದಿಗ್ಭ್ರಮೆ’ ಅದಕ್ಕೆ ಸರಿಜೋಡಿ. ಡಂಬ್‌ಫೌಂಡ್‌ಗೆ, ಮಾತೇ ಹೊರಡದ ಸ್ಥಿತಿಗೆ, ‘ಅವಾಕ್ಕಾಗು’ ಇದೆ.

ಹಾಗಿದ್ದರೆ ಕನ್ನಡದಲ್ಲಿ ಪದಗಳ ಬಡತನವಿಲ್ಲ. ನಾನು ಮುಂದಿಡಬೇಕೆಂದಿರುವುದು ಒಂದು ವ್ಯಾಕರಣದ ಸುಳಿವನ್ನು. ‘ನನಗೆ ಆಶ್ಚರ್ಯವಾಯಿತು’, ‘ನನಗೆ ಅಚ್ಚರಿಯಾಯಿತು’ ಎನ್ನುತ್ತೇವೆ, ಇಲ್ಲಿ ಚತುರ್ಥಿ ವಿಭಕ್ತಿ. ಭಾವನೆ ಹೊರಗಿನಿಂದ ಬಂದು ನನ್ನನ್ನು ಮುಟ್ಟಿತು, ನಾನು ನಾನಾಗಿಯೇ ಉಳಿದೆ. ಆದರೆ ‘ನಾನು ದಂಗಾದೆ’, ‘ನಾನು ತಬ್ಬಿಬ್ಬಾದೆ’, ‘ನಾನು ಅವಾಕ್ಕಾದೆ’, ‘ನಾನು ಬೆಚ್ಚಿಬಿದ್ದೆ’ ಎನ್ನುವಾಗ ಪ್ರಥಮಾ ವಿಭಕ್ತಿ ಬರುತ್ತದೆ. ಇಲ್ಲಿ ಬದಲಾದದ್ದು ನಾನೇ. ಇದು ಕಟ್ಟುನಿಟ್ಟಿನ ನಿಯಮವಲ್ಲ, ‘ಆಶ್ಚರ್ಯಪಟ್ಟೆ’, ‘ನನಗೆ ದಿಗ್ಭ್ರಮೆಯಾಯಿತು’ ಎಂಬ ಪ್ರಯೋಗಗಳೂ ಇವೆ. ಆದರೂ ಬಹುಮಟ್ಟಿಗೆ ನಿಲ್ಲುತ್ತದೆ. ಇಂಗ್ಲಿಷ್ ಪದಗಳ ಒಳಗೆ ಮಾಡುವ ವಿಂಗಡಣೆಯನ್ನು ಕನ್ನಡ ವಿಭಕ್ತಿಯಲ್ಲಿ ಮಾಡುತ್ತದೆ. ಸರ್‌ಪ್ರೈಸ್ ಕಂಡಾಗ ‘ನನಗೆ’ಯಿಂದ, ಅಸ್ಟಾನಿಶ್, ಅಸ್ಟೌಂಡ್ ಕಂಡಾಗ ‘ನಾನು’ವಿನಿಂದ ವಾಕ್ಯವನ್ನು ಶುರುಮಾಡಿ ನೋಡಿ, ಸರಿಯಾದ ಕ್ರಿಯಾಪದ ತಾನಾಗಿ ನಾಲಗೆಗೆ ಬರುತ್ತದೆ.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಅಸ್ಟಾನಿಶ್‌ನಲ್ಲಿ ಗುಡುಗು ಇದೆಯೆಂದು ‘ಸಿಡಿಲು ಬಡಿದಂತಾಯಿತು’ ಎಂದು ಬರೆಯುವವರಿದ್ದಾರೆ. ನಮ್ಮಲ್ಲಿ ಸಿಡಿಲು ಬಡಿಯುವುದು ಕೆಟ್ಟ ಸುದ್ದಿ ಕೇಳಿದಾಗ ಮಾತ್ರ. ಅಸ್ಟಾನಿಶ್ ಸಂತೋಷಕ್ಕೂ ಒಗ್ಗುತ್ತದೆ. ಹಾಗೆಯೇ ‘ವಿಸ್ಮಯ’ವನ್ನು ಆಘಾತದ ಸಂದರ್ಭಕ್ಕೆ ಹಾಕಬಾರದು. ಅದರ ಧಾತು ‘ಸ್ಮಿ’, ಅಂದರೆ ಮುಗುಳ್ನಗು; ಭರತನ ನಾಟ್ಯಶಾಸ್ತ್ರದಲ್ಲಿ ಅದು ಅದ್ಭುತ ರಸದ ಸ್ಥಾಯಿಭಾವ, ಅಂದರೆ ಆ ರಸಕ್ಕೆ ಆಧಾರವಾದ ಭಾವ. ಅಪಘಾತದ ಸುದ್ದಿ ಕೇಳಿ ಯಾರೋ ‘ವಿಸ್ಮಿತರಾದರು’ ಎಂದು ಓದಿದಾಗ ಮನಸ್ಸಿಗೆ ನಿಜಕ್ಕೂ ನೋವಾಗುತ್ತದೆ.

ನನಗೆ ಬಗೆಹರಿಯದೆ ಉಳಿದಿರುವುದು ಎರಡು. ‘ಐ ಆಮ್ ಸರ್‌ಪ್ರೈಸ್ಡ್ ಅಟ್ ಯೂ’ ಎಂಬುದು ಅಚ್ಚರಿಯಲ್ಲ, ಆಕ್ಷೇಪಣೆ. ‘ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ’ ಎಂದರೆ ಅರ್ಥ ಬಂತು, ಆದರೆ ಮೂಲದ ಚಿಕ್ಕ ಚುಚ್ಚು ಉದ್ದವಾಯಿತು. ‘ನೀವೂ ಹೀಗೆಯೇ!’ ಎಂಬುದು ನನಗೆ ಹತ್ತಿರವೆನಿಸುತ್ತದೆ.

ಎರಡನೆಯದು ಆ ಹಳೆಯ ಯುದ್ಧದ ಅರ್ಥ. ಪತ್ರಿಕೆಗಳು ಇದನ್ನು ಅರ್ಧ ಬಿಡಿಸಿವೆ: ಅಧಿಕಾರಿಯ ಭೇಟಿ ‘ದಿಢೀರ್’, ಚುನಾವಣೆಯ ಫಲಿತಾಂಶ ‘ಅಚ್ಚರಿಯ’. ಘಟನೆಗೆ ಒಂದು ಪದ, ಭಾವಕ್ಕೆ ಇನ್ನೊಂದು. ಆದರೆ ಕಳ್ಳತನ ಮಾಡುತ್ತಿದ್ದವನನ್ನು ಮನೆಯವರು ಸರ್‌ಪ್ರೈಸ್ ಮಾಡಿದರು ಎಂಬಲ್ಲಿ, ಹಿಡಿದದ್ದನ್ನೂ ಅವನು ಬೆಚ್ಚಿದ್ದನ್ನೂ ಒಟ್ಟಿಗೆ ಹೇಳುವ ಒಂದೇ ಕ್ರಿಯಾಪದ ಕನ್ನಡದಲ್ಲಿ ಇದೆಯೇ? ನಿಮ್ಮ ಕಡೆಯ ಆಡುಮಾತಿನಲ್ಲಿ, ಬೇಟೆಗಾರರ ಅಥವಾ ಮೀನುಗಾರರ ಬಳಕೆಯಲ್ಲಿ ಅಂಥ ಪದವನ್ನು ಕೇಳಿದ್ದರೆ ವಾಕ್ಯದ ಸಮೇತ ತಿಳಿಸಿ.