ಟಾಸ್ಕ್ ಶೆಡ್ಯೂಲರ್‌ನಲ್ಲಿ ಇಟ್ಟರೆ ಮಾತ್ರ ಬ್ಯಾಚ್ ಫೈಲ್ ಅರ್ಧಕ್ಕೆ ನಿಲ್ಲುತ್ತದೆ: ವಿಂಡೋಸ್‌ನಿಂದ ಲಿನಕ್ಸ್ ಸರ್ವರ್‌ಗೆ ಅಪ್‌ಲೋಡ್

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಚೇರಿಯ ವಿಂಡೋಸ್ 10 ಕಂಪ್ಯೂಟರಿನಲ್ಲಿ ದಿನವೂ ಸಿದ್ಧವಾಗುವ ಲೆಕ್ಕದ ಜಿಪ್ ಫೈಲನ್ನು ರಾತ್ರಿ 11 ಗಂಟೆಗೆ ಲಿನಕ್ಸ್ ಸರ್ವರ್‌ಗೆ ಕಳುಹಿಸಿ, ಅಲ್ಲಿ ಅದನ್ನು ಬಿಚ್ಚಿ ಡೇಟಾಬೇಸಿಗೆ ಸೇರಿಸುವ ಸ್ಕ್ರಿಪ್ಟನ್ನು ನಡೆಸಬೇಕಾಗಿದೆ. ಇಷ್ಟು ದಿನ ವಿನ್‌ಎಸ್‌ಸಿಪಿಯಲ್ಲಿ (ಫೈಲ್ ಕಳುಹಿಸುವ ತಂತ್ರಾಂಶ) ಫೈಲ್ ಎಳೆದು ಹಾಕಿ, ಆಮೇಲೆ ಪುಟ್ಟಿ (ದೂರದ ಸರ್ವರ್‌ಗೆ ಕಮಾಂಡ್ ಕೊಡುವ ತಂತ್ರಾಂಶ) ತೆರೆದು ಕಮಾಂಡ್ ಕೊಡುತ್ತಿದ್ದೆ. ಈಗ ಪುಟ್ಟಿಯ ಜೊತೆಗೆ ಬರುವ ಪಿಎಸ್‌ಸಿಪಿ (ಫೈಲ್ ಕಳುಹಿಸಲು) ಮತ್ತು ಪ್ಲಿಂಕ್ (ಸರ್ವರ್‌ನಲ್ಲಿ ಕಮಾಂಡ್ ನಡೆಸಲು) ಬಳಸಿ ಎರಡು ಸಾಲಿನ ಬ್ಯಾಚ್ ಫೈಲ್ ಬರೆದಿದ್ದೇನೆ. ಪಾಸ್‌ವರ್ಡ್ ಅದರಲ್ಲಿಯೇ ಇದೆ. ನಾನೇ ಡಬಲ್ ಕ್ಲಿಕ್ ಮಾಡಿದರೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ನಿಗದಿತ ಸಮಯಕ್ಕೆ ತಾನೇ ಕೆಲಸ ನಡೆಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಸಿಸ್ಟಂ ಖಾತೆಯಡಿ (ವಿಂಡೋಸ್‌ನದೇ ಖಾತೆ) ಇಟ್ಟರೆ ಮಾತ್ರ, ಬೆಳಿಗ್ಗೆ ಬಂದು ನೋಡಿದಾಗಲೂ ‘ರನ್ನಿಂಗ್’ ಎಂದೇ ತೋರಿಸುತ್ತಿರುತ್ತದೆ, ಸರ್ವರ್‌ನಲ್ಲಿ ಫೈಲ್ ಇರುವುದಿಲ್ಲ. ತಪ್ಪು ಎಲ್ಲಿರಬಹುದು?

ಉತ್ತರ 1

ಪಿಎಸ್‌ಸಿಪಿ ಯಾರಿಗೂ ಕಾಣದ ಒಂದು ಪ್ರಶ್ನೆಗೆ ಉತ್ತರ ಕಾಯುತ್ತಾ ಕುಳಿತಿರುವಂತೆ ತೋರುತ್ತದೆ. ಹೊಸ ಸರ್ವರ್‌ಗೆ ಮೊದಲ ಸಲ ಸಂಪರ್ಕಿಸಿದಾಗ ‘ಈ ಹೋಸ್ಟ್ ಕೀಯನ್ನು (ಸರ್ವರ್‌ನ ಗುರುತಿನ ಕೀ) ನಂಬಬಹುದೇ’ ಎಂದು ಕೇಳಿದ್ದು ನಿಮಗೆ ನೆನಪಿರಬಹುದು. ನೀವು ಅಂದು ಕೊಟ್ಟ ಒಪ್ಪಿಗೆ ನಿಮ್ಮ ಖಾತೆಯ ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್‌ಗಳ ಸಂಗ್ರಹ) ಮಾತ್ರ ಉಳಿದಿದೆ; ಸಿಸ್ಟಂ ಖಾತೆಗೆ ಆ ಸರ್ವರ್ ಇನ್ನೂ ಅಪರಿಚಿತ. ಎರಡೂ ಸಾಲುಗಳಿಗೆ ‘-ಬ್ಯಾಚ್’ ಆಯ್ಕೆಯನ್ನು ಸೇರಿಸಿದರೆ ಪ್ರಶ್ನೆ ಕೇಳುವ ಬದಲು ತಕ್ಷಣ ವಿಫಲವಾಗಿ ಹೊರಬರುತ್ತದೆ, ‘-ಹೋಸ್ಟ್‌ಕೀ’ ಆಯ್ಕೆಯಲ್ಲಿ ಸರ್ವರ್‌ನ ಫಿಂಗರ್‌ಪ್ರಿಂಟ್ (ಆ ಕೀಯ ಚಿಕ್ಕ ಗುರುತು) ಕೊಟ್ಟರೆ ಕೆಲಸ ಮುಂದುವರಿಯುತ್ತದೆ.

ಪಾಸ್‌ವರ್ಡನ್ನು ದಯವಿಟ್ಟು ಇಂದೇ ತೆಗೆಯಿರಿ. ಆ ಫೈಲ್ ತೆರೆಯಬಲ್ಲ ಪ್ರತಿಯೊಬ್ಬರ ಕೈಯಲ್ಲೂ ಈಗ ನಿಮ್ಮ ಸರ್ವರ್ ಇದೆ. ಅದರ ಬದಲು ಲಾಗಿನ್ ಆಗಲು, ಪುಟ್ಟಿಯ ಕೀ ತಯಾರಿಸುವ ಸಲಕರಣೆಯಾದ ಪುಟ್ಟಿಜೆನ್‌ನಲ್ಲಿ ಇಡಿ25519 ಮಾದರಿಯ ಕೀ ಜೋಡಿಯನ್ನು (ಖಾಸಗಿ ಮತ್ತು ಸಾರ್ವಜನಿಕ) ಮಾಡಿಕೊಳ್ಳಿ.

ಉತ್ತರ 2

ಹೊಸದಾಗಿ ಬರೆಯುವುದಾದರೆ ಪುಟ್ಟಿಯ ಸಲಕರಣೆಗಳೇ ಬೇಕೆಂದಿಲ್ಲ. 2018ರಿಂದ ವಿಂಡೋಸ್ 10ರ ಜೊತೆಯಲ್ಲಿಯೇ ಇದೇ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಬರುತ್ತಿದೆ. ಖಾಸಗಿ ಕೀ ಫೈಲನ್ನು ಇತರ ಬಳಕೆದಾರರು ಓದುವಂತಿದ್ದರೆ ಅದು ಆ ಕೀಯನ್ನು ಬಳಸಲು ಒಪ್ಪುವುದಿಲ್ಲ, ಆದ್ದರಿಂದ ಅನುಮತಿಗಳನ್ನು ಮೊದಲು ಸರಿಪಡಿಸಿ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅರ್ಧ ಬಂದ ಫೈಲಿನ ಸಮಸ್ಯೆ. ನೆಟ್‌ವರ್ಕ್ ನಡುವೆ ಕಡಿದರೆ ತುಂಡು ಜಿಪ್ ಉಳಿಯುತ್ತದೆ, ಸ್ಕ್ರಿಪ್ಟ್ ಅದನ್ನೇ ಬಿಚ್ಚಲು ಹೋಗುತ್ತದೆ. ಓಪನ್‌ಎಸ್‌ಎಸ್‌ಎಚ್‌ನ ಫೈಲ್ ಕಳುಹಿಸುವ ಕಮಾಂಡ್ ಆದ ಎಸ್‌ಎಫ್‌ಟಿಪಿಯ ‘-ಬಿ’ ಆಯ್ಕೆಗೆ ಒಂದು ಕಮಾಂಡ್ ಫೈಲ್ ಕೊಟ್ಟು, ಅದರಲ್ಲಿ ಮೊದಲು ತಾತ್ಕಾಲಿಕ ಹೆಸರಿಗೆ ‘ಪುಟ್’ ಮಾಡಿ, ನಂತರ ನಿಜವಾದ ಹೆಸರಿಗೆ ‘ರಿನೇಮ್’ ಮಾಡಿ. ಮೊದಲನೆಯದು ಸೋತರೆ ಎರಡನೆಯದು ನಡೆಯುವುದೇ ಇಲ್ಲ. ಬ್ಯಾಚ್ ಫೈಲಿನಲ್ಲಿ ಎರರ್‌ಲೆವೆಲ್ (ಹಿಂದಿನ ಕಮಾಂಡ್ ಗೆದ್ದಿತೋ ಸೋತಿತೋ ಎಂದು ಹೇಳುವ ಸಂಖ್ಯೆ) ಸೊನ್ನೆಯಾಗಿದ್ದರೆ ಮಾತ್ರ ಸರ್ವರ್‌ನ ಸ್ಕ್ರಿಪ್ಟನ್ನು ಕರೆಯಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹೋಸ್ಟ್ ಕೀ ಕೊಟ್ಟ ಕೂಡಲೇ ಅಪ್‌ಲೋಡ್ ಆಯಿತು, ಪಾಸ್‌ವರ್ಡ್ ತೆಗೆದಿದ್ದೇನೆ. ಆದರೆ ನೋಟ್‌ಪ್ಯಾಡ್‌ನಲ್ಲಿ ತಿದ್ದಿ ಕಳುಹಿಸಿದ ಸ್ಕ್ರಿಪ್ಟ್ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದು ನಿಂತುಬಿಟ್ಟಿತು.

ಉತ್ತರ 2

ಅದು ಸಾಲಿನ ಕೊನೆಯ ಗುರುತಿನ ವ್ಯತ್ಯಾಸ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಅಕ್ಷರಗಳನ್ನು ಹಾಕುತ್ತದೆ, ಲಿನಕ್ಸ್ ಒಂದನ್ನು ಮಾತ್ರ ನಿರೀಕ್ಷಿಸುತ್ತದೆ. ಉಳಿದ ಇನ್ನೊಂದು, ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿರುವ ಬ್ಯಾಷ್‌ನ (ಸ್ಕ್ರಿಪ್ಟನ್ನು ನಡೆಸುವ ಪ್ರೋಗ್ರಾಂ) ಹೆಸರಿಗೆ ಅಂಟಿಕೊಂಡಿದೆ. ಸರ್ವರ್‌ನಲ್ಲಿ ಆ ಫೈಲಿನ ಮೇಲೆ ಈ ಗುರುತುಗಳನ್ನು ಬದಲಿಸುವ ‘ಡಾಸ್2ಯುನಿಕ್ಸ್’ ಕಮಾಂಡ್ ನಡೆಸಿದರೆ ಸರಿಯಾಗುತ್ತದೆ.